ಕರಡು ತಿದ್ದುವ ವಿದ್ಯೆ

(ಸಂಘದ ಆಶ್ರಯದಲ್ಲಿ ಯುವ ಸಂಶೋಧಕರಿಗಾಗಿ ಚೆನ್ನೈಯಲ್ಲಿ ಏರ್ಪಡಿಸಿದ್ದ ಪ್ರಬಂಧ ರಚನಾ ಕಮ್ಮಟದ ಉದ್ಘಾಟನೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಕಮ್ಮಟವನ್ನು ಉದ್ಘಾಟಿಸಲು ನನ್ನನ್ನು ಕರೆದಾಗ ಕಾರ್ಯದರ್ಶಿಗಳಿಗೆ ನಾನು ಹೇಳಿದ ಮೊದಲ ಮಾತು, ‘ನಾನು ಪ್ರಾಧ್ಯಾಪಕನಲ್ಲ’ ಎಂಬುದು. ಅವರು ನಕ್ಕು, ‘ಮೂವತ್ತು ವರ್ಷ ಕೇಂದ್ರ ಸರ್ಕಾರದಲ್ಲಿ ಕರಡು ತಿದ್ದಿದ್ದೀರಲ್ಲ, ಅದು ಸಾಲದೇ?’ ಎಂದರು. ಸಾಲದು ಎಂಬುದನ್ನು ತಿಳಿಸುವುದಕ್ಕಾಗಿಯೇ ನಾನಿಂದು ಇಲ್ಲಿ ನಿಂತಿದ್ದೇನೆ ಎಂದರೂ ತಪ್ಪಾಗಲಾರದು. ಕಚೇರಿಯ ಕರಡಿಗೂ ಸಂಶೋಧನೆಯ ಕರಡಿಗೂ ಇರುವ ಅಂತರವನ್ನು ಅರಿಯಲು ನನಗೆ ಇಪ್ಪತ್ತನಾಲ್ಕು ವರ್ಷಗಳು ಹಿಡಿದವು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ನಮ್ಮ ಸಂಘವು ಈ ನಗರದ ಕನ್ನಡಿಗರ ಇತಿಹಾಸವನ್ನು ಕುರಿತು ಪ್ರಬಂಧಗಳನ್ನು ಸಂಗ್ರಹಿಸಲು ನಿಶ್ಚಯಿಸಿದೆ. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಬೇರೆ ಬೇರೆ ಶಾಸ್ತ್ರಗಳಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ. ವಸ್ತು ಬೇರೆಯಾದರೂ ಇವರೆಲ್ಲರ ಮುಂದಿರುವ ಕೆಲಸ ಒಂದೇ: ಮೊದಲು ಬರೆಯುವುದು, ಆಮೇಲೆ ತಿದ್ದುವುದು. ಬರೆಯುವುದನ್ನು ಕುರಿತು ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ತಿದ್ದುವುದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

‘ತಿದ್ದು’ ಎಂಬ ನಮ್ಮ ಮಾತನ್ನೇ ಗಮನಿಸಿ. ತಪ್ಪನ್ನು ಸರಿಪಡಿಸುವುದಕ್ಕೆ ತಿದ್ದುವುದು ಎನ್ನುತ್ತೇವೆ. ಮಗು ಮೊಟ್ಟಮೊದಲಿಗೆ ಮರಳಿನ ಮೇಲೋ ಸ್ಲೇಟಿನ ಮೇಲೋ ಗುರುಗಳು ಬರೆದುಕೊಟ್ಟ ‘ಅ’ಕಾರದ ಮೇಲೆ ಬೆರಳಾಡಿಸುವುದಕ್ಕೂ ‘ಅಕ್ಷರ ತಿದ್ದುವುದು’ ಎಂದೇ ಹೆಸರು. ಅಲ್ಲಿ ಮಗು ತಪ್ಪನ್ನೇನೂ ಮಾಡಿರುವುದಿಲ್ಲ, ಇನ್ನೂ ಬರೆದೇ ಇರುವುದಿಲ್ಲ. ಆದರೂ ಅದು ತಿದ್ದುತ್ತಿರುತ್ತದೆ. ಕಲಿಯುವುದನ್ನೂ ಸರಿಪಡಿಸುವುದನ್ನೂ ಒಂದೇ ಕ್ರಿಯಾಪದದಲ್ಲಿ ಹೇಳುವ ಭಾಷೆ ನಮ್ಮದು. ತಿದ್ದಿಸಿಕೊಳ್ಳುವುದು ಅವಮಾನವೆಂಬ ಭಾವನೆ ನಮಗೆ ಎಲ್ಲಿಂದ ಬಂದಿತೋ ತಿಳಿಯದು, ನಮ್ಮ ಭಾಷೆಯಿಂದಂತೂ ಬಂದುದಲ್ಲ.

ಕಚೇರಿಯಲ್ಲಿ ನಾವು ಕರಡನ್ನು ಸಿದ್ಧಪಡಿಸುವ ಕ್ರಮವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಗುಮಾಸ್ತನು ಬರೆದುದನ್ನು ವಿಭಾಗಾಧಿಕಾರಿ ತಿದ್ದುತ್ತಾನೆ, ಅದನ್ನು ಮೇಲಿನವನು ತಿದ್ದುತ್ತಾನೆ, ಕೊನೆಗೆ ಯಾರೋ ಸಹಿ ಹಾಕುತ್ತಾರೆ. ಅಲ್ಲಿ ತಿದ್ದುವ ಅಧಿಕಾರವು ಹುದ್ದೆಯಿಂದ ಬರುತ್ತದೆ. ‘ಪರಿಶೀಲಿಸಲಾಯಿತು’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆಯುತ್ತೇವೆ. ಪರಿಶೀಲಿಸಿದವರು ಯಾರು, ಕ್ರಮ ಕೈಗೊಳ್ಳುವವರು ಯಾರು ಎಂಬುದು ವಾಕ್ಯದಲ್ಲಿ ಇರುವುದಿಲ್ಲ. ಒಳ್ಳೆಯ ಕಚೇರಿ ಪತ್ರದಲ್ಲಿ ಬರೆದವನು ಮರೆಯಾಗಬೇಕು. ಸಂಶೋಧನ ಪ್ರಬಂಧದಲ್ಲಿ ಇದಕ್ಕೆ ತೀರ ವಿರುದ್ಧವಾದ ನಿಯಮವಿದೆ. ‘ಕಂಡುಬಂದಿದೆ’ ಎಂದು ಬರೆದರೆ ‘ಯಾರಿಗೆ, ಎಲ್ಲಿ, ಹೇಗೆ ಕಂಡುಬಂತು?’ ಎಂದು ಓದುಗನು ಕೇಳುತ್ತಾನೆ. ಅಲ್ಲಿ ತಿದ್ದುವ ಅಧಿಕಾರ ಹುದ್ದೆಯದಲ್ಲ, ಆಧಾರದ್ದು. ಇಪ್ಪತ್ತರ ತರುಣನು ಎಪ್ಪತ್ತರ ವಿದ್ವಾಂಸನನ್ನು ತಿದ್ದಬಹುದು, ಅವನ ಕೈಯಲ್ಲಿ ಆಧಾರವಿದ್ದರೆ.

ಇದಕ್ಕೆ ನಾನು ಕೊಡುವ ನಿದರ್ಶನ ಈ ಊರಿಗೂ ನಮ್ಮ ಬೆಂಗಳೂರಿಗೂ ಸೇರಿದ್ದು. 1911ರಲ್ಲಿ ಮದರಾಸಿನಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ತರುಣನಿದ್ದ. ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿದ್ದವನು, ಮದುವೆಯಾಗಿತ್ತು, ಕೆಲಸವಿರಲಿಲ್ಲ. ಹೆಸರು ಶ್ರೀನಿವಾಸ ರಾಮಾನುಜನ್. ಅವನು ಬರ್ನೂಲಿ ಸಂಖ್ಯೆಗಳ ಕೆಲವು ಗುಣಗಳನ್ನು ಕುರಿತು ತನ್ನ ಮೊದಲ ಪ್ರಬಂಧವನ್ನು ಬರೆದು ಭಾರತೀಯ ಗಣಿತ ಸಂಘದ ಪತ್ರಿಕೆಗೆ ಕಳುಹಿಸಿದ. ಆ ಸಂಘವನ್ನು 1907ರಲ್ಲಿ ಸ್ಥಾಪಿಸಿದವರು ವಿ. ರಾಮಸ್ವಾಮಿ ಅಯ್ಯರ್. ಅವರು ಪ್ರಾಧ್ಯಾಪಕರಲ್ಲ, ಡೆಪ್ಯೂಟಿ ಕಲೆಕ್ಟರರು ಎಂಬುದನ್ನು ನಮ್ಮಂಥ ಸರ್ಕಾರಿ ನೌಕರರು ನೆನಪಿನಲ್ಲಿಡಬೇಕು. ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಎಂ.ಟಿ. ನಾರಾಯಣ ಅಯ್ಯಂಗಾರ್ಯರು.

ಕೈಬರಹ ಬೆಂಗಳೂರಿಗೆ ಹೋಯಿತು, ಹಿಂತಿರುಗಿ ಬಂತು. ಒಂದು ಬಾರಿಯಲ್ಲ, ಒಂದಕ್ಕಿಂತ ಹೆಚ್ಚು ಬಾರಿ. ಆ ತರುಣನ ವಿಧಾನಗಳು ತೀರ ಹೊಸವು, ತೀರ ಅಡಕವಾದವು. ನಿರೂಪಣೆಯಲ್ಲಿ ಸ್ಪಷ್ಟತೆಯಿರಲಿಲ್ಲ. ಅವನ ಬುದ್ಧಿ ಹಾರಿದಲ್ಲಿಗೆ ಸಾಮಾನ್ಯ ಓದುಗನು ಹಾರಲಾರನು ಎಂಬುದು ಸಂಪಾದಕರ ತೊಡಕಾಗಿತ್ತು. ಈ ಸಂದರ್ಭದಲ್ಲಿ ಅವರಿಗೆ ಎರಡು ಸುಲಭದ ದಾರಿಗಳಿದ್ದವು. ‘ಅರ್ಥವಾಗಲಿಲ್ಲ’ ಎಂದು ತಿರಸ್ಕರಿಸಿ ಕುಳಿತುಕೊಳ್ಳಬಹುದಿತ್ತು, ಇಲ್ಲವೇ ‘ಯಾರೋ ಪ್ರತಿಭಾವಂತ’ ಎಂದು ಹಾಗೆಯೇ ಅಚ್ಚುಹಾಕಬಹುದಿತ್ತು. ಅವರು ಎರಡನ್ನೂ ಮಾಡದೆ ಮೂರನೆಯದಾದ ಕಷ್ಟದ ದಾರಿಯನ್ನು ಹಿಡಿದರು: ಓದಿದರು, ತೊಡಕುಗಳನ್ನು ತಿಳಿಸಿದರು, ಹಿಂದಕ್ಕೆ ಕಳುಹಿಸಿದರು, ಮತ್ತೆ ಓದಿದರು. ಲೇಖಕನೂ ಮುನಿಸಿಕೊಳ್ಳದೆ ಮತ್ತೆ ಬರೆದ. ಪ್ರಬಂಧವು ಪತ್ರಿಕೆಯ ಮೂರನೆಯ ಸಂಪುಟದಲ್ಲಿ ಅಚ್ಚಾಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ಆ ಲೇಖಕ ಇದೇ ಊರಿನ ಬಂದರು ಕಚೇರಿಯ ಲೆಕ್ಕದ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿಗಳ ಗುಮಾಸ್ತನಾದ. ಉಳಿದುದು ಜಗತ್ತಿಗೇ ತಿಳಿದಿದೆ.

ಆದರೆ ಈ ನಿದರ್ಶನದಲ್ಲಿ ನಾವು ಕಲಿಯಬೇಕಾದುದು ಇಷ್ಟೇ ಅಲ್ಲ. ಆ ಪ್ರಬಂಧದಲ್ಲಿ ಎಂಟು ಪ್ರಮೇಯಗಳಿವೆ. ಮೂರಕ್ಕೆ ಸಾಧನೆಯ ದಾರಿಯನ್ನು ತೋರಿಸಿದೆ. ಎರಡನ್ನು ಬೇರೆ ಎರಡರಿಂದ ಹೊರಡುವ ಉಪಪ್ರಮೇಯಗಳೆಂದು ಹೇಳಿದೆ. ಇನ್ನು ಮೂರು ಕೇವಲ ಊಹೆಗಳು. ಸಾಧಿಸಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಗೆರೆ ಎಳೆಯುವುದೇ ಸಂಶೋಧನ ಬರವಣಿಗೆಯ ಜೀವಾಳ. ಇಷ್ಟು ತಿದ್ದಿದ ಮೇಲೂ ಅದರಲ್ಲಿ ಒಂದು ತಪ್ಪು ಉಳಿದುಕೊಂಡಿತು. ಬರ್ನೂಲಿ ಸಂಖ್ಯೆಯನ್ನು ಅದರ ಕ್ರಮಾಂಕದಿಂದ ಭಾಗಿಸಿ ಸಂಕ್ಷೇಪಿಸಿದರೆ ಬರುವ ಅಂಶವು ಅವಿಭಾಜ್ಯ ಸಂಖ್ಯೆಯಾಗಿರುತ್ತದೆ ಎಂದು ಅಲ್ಲಿ ಹೇಳಿದೆ. ಕ್ರಮಾಂಕ 20ಕ್ಕೆ ಬಂದಾಗ ಆ ಮಾತು ಮುರಿದುಬೀಳುತ್ತದೆ. ಅಲ್ಲಿ ಬರುವ ಅಂಶ 1,74,611. ಅದು 283 ಮತ್ತು 617ರ ಗುಣಲಬ್ಧ. ಮೊದಲ ಕೆಲವು ಸಂಖ್ಯೆಗಳನ್ನು ಕಂಡು ಎಲ್ಲವೂ ಹಾಗೆಯೇ ಎಂದು ನಂಬುವ ದೋಷ ರಾಮಾನುಜನ್ನರಂಥವರನ್ನೂ ಬಿಡಲಿಲ್ಲ ಎಂದಮೇಲೆ ನಮ್ಮಂಥವರ ಪಾಡೇನು? ಇದನ್ನು ಹೇಳಿದ್ದು ಅವರನ್ನು ಕಿರಿದು ಮಾಡಲೆಂದಲ್ಲ. ಅವರು ಹೇಳಿದ ಮಾತು ಪರೀಕ್ಷಿಸಲು ಬರುವಷ್ಟು ಸ್ಪಷ್ಟವಾಗಿ ಅಚ್ಚಾಗಿತ್ತು, ಆದ್ದರಿಂದಲೇ ತಪ್ಪು ಹೊರಬಿತ್ತು. ಅಸ್ಪಷ್ಟವಾಗಿ ಬರೆದವನ ತಪ್ಪು ಎಂದೂ ಸಿಕ್ಕುವುದಿಲ್ಲ, ಅವನ ಸರಿಯೂ ಸಿಕ್ಕುವುದಿಲ್ಲ.

ಬೇರೊಬ್ಬರ ಕಣ್ಣಿಗೆ ಬರಹವನ್ನು ಒಡ್ಡುವ ಈ ಪದ್ಧತಿ ಪಶ್ಚಿಮದಿಂದ ಬಂದುದೆಂದು ನಾವು ತಿಳಿದಿದ್ದೇವೆ. ಪತ್ರಿಕೆಗಳ ವ್ಯವಸ್ಥೆಯೇನೋ ಅಲ್ಲಿಂದ ಬಂದುದು ನಿಜ. ಆದರೆ ತತ್ತ್ವ ನಮ್ಮಲ್ಲಿಯೇ ಇತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಈ ವಿಷಯವನ್ನು ಒಂದು ಮನೆಮಾತಿನ ಹೋಲಿಕೆಯಿಂದ ಹೇಳುತ್ತದೆ. ಕಣ್ಣಿಗೆ ತನಗೆ ಹಚ್ಚಿದ ಕಾಡಿಗೆ ಕಾಣುವುದಿಲ್ಲ, ಹಾಗೆಯೇ ಕವಿಗೆ ತನ್ನ ದೋಷ ಕಾಣುವುದಿಲ್ಲ, ಆದುದರಿಂದ ಕೃತಿಯನ್ನು ಮೊದಲೇ ಇತರರ ಮುಂದೆ ಓದಿ ಅವರಿಂದ ತಿಳಿದುಕೊಳ್ಳಬೇಕು ಎಂಬುದು ಆ ಪದ್ಯದ ತಾತ್ಪರ್ಯ. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಮೊದಲ ಗ್ರಂಥವೇ ಈ ಮಾತನ್ನು ಹೇಳಿದೆ. ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ನಾನು ಅದನ್ನು ಮರೆತೆ.

ಇನ್ನು ನನ್ನ ಕಥೆ. 1993ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಎಂ.ಎ. ಪದವಿ ಪಡೆದ ಮೇಲೆ ಊರಿನಲ್ಲಿ ಒಂದೂವರೆ ವರ್ಷ ಕೆಲಸವಿಲ್ಲದೆ ಇದ್ದೆ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಶಾಸನಗಳ ಹುಚ್ಚು. ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಇಬ್ಬರೂ ಸೈಕಲ್ಲಿನ ಮೇಲೆ ಸುತ್ತಿ, ಕೆರೆಯ ಏರಿಯ ಮೇಲೂ ತೂಬಿನ ಪಕ್ಕದಲ್ಲೂ ನಿಂತಿದ್ದ ಕಲ್ಲುಗಳನ್ನು ತೊಳೆದು, ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆದೆವು. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಬರುವ ಶಾಸನಗಳು ನಮಗೆ ಬೇಕಾಗಿದ್ದವು. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ಅದರ ರಕ್ಷಣೆಗಾಗಿ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಟ್ಟುಕೊಟ್ಟ ದಾಖಲೆಗಳು ಅವು. ಹನ್ನೊಂದು ಸಿಕ್ಕಿದವು.

ನಾನು ಮೂವತ್ತೊಂದು ಪುಟದ ಪ್ರಬಂಧ ಬರೆದೆ. ಶೀರ್ಷಿಕೆ: ‘ಮಧ್ಯಯುಗೀನ ಕರ್ನಾಟಕದಲ್ಲಿ ಕೆರೆಗಳ ಗ್ರಾಮನಿರ್ವಹಣೆ’. ನಮ್ಮ ಹಿಂದಿನವರು ಪ್ರತಿ ಹಳ್ಳಿಯಲ್ಲೂ ತಪ್ಪದೆ ಹೂಳು ತೆಗೆಸುತ್ತಿದ್ದರು, ವಸಾಹತುಶಾಹಿ ಬಂದು ಅದನ್ನೆಲ್ಲ ಹಾಳುಮಾಡಿತು ಎಂಬುದು ಅದರ ಸಾರ. ಒಂದು ವಿದ್ವತ್ ಪತ್ರಿಕೆಗೆ ಕಳುಹಿಸಿದೆ. ಏಳು ತಿಂಗಳ ಮೇಲೆ ಪರಿಶೀಲಕರ ಅಭಿಪ್ರಾಯದೊಡನೆ ಹಿಂತಿರುಗಿತು. ಆ ಅಭಿಪ್ರಾಯದಲ್ಲಿ ಮೂರೇ ಅಂಶಗಳಿದ್ದವು. ಒಂದು ತಾಲ್ಲೂಕಿನ ಹನ್ನೊಂದು ಶಾಸನಗಳಿಂದ ಕರ್ನಾಟಕವನ್ನು ಕುರಿತು ಹೇಳುವುದು ಹೇಗೆ? ಶಾಸನವು ದತ್ತಿ ಕೊಟ್ಟದ್ದಕ್ಕೆ ಸಾಕ್ಷಿ, ಹೂಳು ತೆಗೆದದ್ದಕ್ಕೆ ಸಾಕ್ಷಿ ಯಾವುದು? ನಾಲ್ಕನೆಯ ಶಾಸನದ ಸವೆದ ಸಾಲನ್ನು ಊಹೆಯಿಂದ ತುಂಬಿ, ಊಹೆಯೆಂಬ ಗುರುತಾದ ಕಂಸವನ್ನು ಬಿಟ್ಟಿರುವುದೇಕೆ? ತಿದ್ದಿ ಮತ್ತೆ ಕಳುಹಿಸಬಹುದು ಎಂದು ಕೊನೆಯಲ್ಲಿ ಬರೆದಿತ್ತು.

ಆ ಕೊನೆಯ ವಾಕ್ಯ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹಳ್ಳಿಯ ಹುಡುಗನೆಂದು ಹೀಗೆ ಮಾಡಿದರು, ಕಲ್ಲನ್ನು ಕಾಣದವರು ಕುರ್ಚಿಯಲ್ಲಿ ಕುಳಿತು ಬರೆದರು ಎಂದು ಕುದಿದೆ. ಅಷ್ಟರಲ್ಲಿ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿತು. ಪ್ರಬಂಧವನ್ನು ಟ್ರಂಕಿನ ತಳಕ್ಕೆ ಹಾಕಿ ಊರು ಬಿಟ್ಟೆ. ರಜೆಯಲ್ಲಿ ಹೋದಾಗಲೆಲ್ಲ ಮೇಷ್ಟ್ರು ಕೇಳುತ್ತಿದ್ದರು: ‘ಅಚ್ಚಾಯಿತೇನಪ್ಪಾ?’ ‘ಇನ್ನೂ ಇಲ್ಲ ಸಾರ್, ಅವರು ನಿಧಾನ’ ಎನ್ನುತ್ತಿದ್ದೆ. ಹಿಂತಿರುಗಿ ಬಂದಿದೆ ಎಂದು ನಾನು ಅವರಿಗೆ ಹೇಳಲೇ ಇಲ್ಲ. 2003ರಲ್ಲಿ ಅವರು ತೀರಿಕೊಂಡರು.

2019ರಲ್ಲಿ ಮನೆ ಬದಲಾಯಿಸುವಾಗ ಆ ಟ್ರಂಕನ್ನು ತೆರೆದೆ. ಪ್ರಬಂಧದ ಜೊತೆಗೆ ನಾವು ಪಡಿಯಚ್ಚು ತೆಗೆದ ದಿನಗಳ ನೋಟುಪುಸ್ತಕವೂ ಇತ್ತು. ನಾಲ್ಕನೆಯ ಶಾಸನದ ಪುಟದಲ್ಲಿ, ಸವೆದ ಸಾಲಿನ ಎದುರಿಗೆ, ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ಇಲ್ಲಿ ನಾಲ್ಕು ಅಕ್ಷರ ಕಾಣುವುದಿಲ್ಲ. ನಮ್ಮ ಊಹೆ. ಹಾಗೆಂದು ಬರೆಯತಕ್ಕದ್ದು.’ ಪರಿಶೀಲಕರು ಹೇಳಿದ್ದ ಮಾತೂ ಅದೇ ಆಗಿತ್ತು. ಕಲ್ಲನ್ನು ಕಂಡವರೂ ಕಾಣದವರೂ ಒಂದೇ ಮಾತು ಹೇಳಿದ್ದರು. ಕೇಳದೆ ಹೋದವನು ನಾನೊಬ್ಬನೇ.

ಕೋಪ ಬರುವುದು ಸಹಜ. ಐನ್‌ಸ್ಟೈನರಿಗೂ ಬಂದಿತ್ತು. 1936ರಲ್ಲಿ ಅವರೂ ನೇಥನ್ ರೋಸೆನ್ನರೂ ಗುರುತ್ವದ ಅಲೆಗಳು ಇಲ್ಲವೆಂಬ ತೀರ್ಮಾನದ ಪ್ರಬಂಧವೊಂದನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಅದನ್ನು ತಜ್ಞರೊಬ್ಬರಿಗೆ ತೋರಿಸಿ, ಅವರ ಆಕ್ಷೇಪಗಳೊಡನೆ ಹಿಂದಕ್ಕೆ ಕಳುಹಿಸಿದರು. ತಮ್ಮನ್ನು ಕೇಳದೆ ಬೇರೆಯವರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನರು ಸಿಟ್ಟಾಗಿ ಪ್ರಬಂಧವನ್ನು ವಾಪಸು ಪಡೆದು ಬೇರೊಂದು ಪತ್ರಿಕೆಗೆ ಕೊಟ್ಟರು. ಆ ತಜ್ಞರು ಎಚ್.ಪಿ. ರಾಬರ್ಟ್‌ಸನ್ ಎಂಬುದು ಹೊರಬಿದ್ದದ್ದು 2005ರಲ್ಲಿ. ಅವರು ಪ್ರಿನ್ಸ್‌ಟನ್ನಿಗೆ ಬಂದಾಗ ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡರ ಜೊತೆ ಮಾತನಾಡುತ್ತ ದೋಷವನ್ನು ತೋರಿಸಿದರು. ಐನ್‌ಸ್ಟೈನರು ತೀರ್ಮಾನವನ್ನೇ ಬದಲಾಯಿಸಿ 1937ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಆ ಅಲೆಗಳು ಉಪಕರಣಗಳಿಗೆ ನೇರವಾಗಿ ಸಿಕ್ಕಿದ್ದು 2015ರಲ್ಲಿ. ಕೋಪವಿದ್ದರೂ ಅವರು ತಿದ್ದಿದರು. ನಾನು ಕೋಪವನ್ನಷ್ಟೇ ಇಟ್ಟುಕೊಂಡೆ.

ತಿದ್ದುವ ಕೆಲಸವನ್ನು ನಾನು ತಡವಾಗಿ ಕಲಿತ ರೀತಿಯಲ್ಲಿಯೇ ನಿಮ್ಮ ಮುಂದೆ ಇಡುತ್ತೇನೆ. ಮೊದಲನೆಯದಾಗಿ, ಪ್ರಬಂಧವು ಹೇಳುವುದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬೇರೆ ಕಾಗದದ ಮೇಲೆ ಬರೆಯಿರಿ. ಬರೆಯಲಾಗದಿದ್ದರೆ ತಿದ್ದಬೇಕಾದುದು ವಾಕ್ಯಗಳನ್ನಲ್ಲ, ಆಲೋಚನೆಯನ್ನು. ನಾವೆಲ್ಲ ಮಾಡುವ ತಪ್ಪೆಂದರೆ ಕಾಗುಣಿತದಿಂದ ತಿದ್ದಲು ತೊಡಗುವುದು. ಬೀಳಲಿರುವ ಗೋಡೆಗೆ ಸುಣ್ಣ ಬಳಿದಂತೆ ಅದು. ಮೊದಲ ಸುತ್ತಿನಲ್ಲಿ ವಾದ, ಎರಡನೆಯ ಸುತ್ತಿನಲ್ಲಿ ಕ್ರಮ, ಮೂರನೆಯ ಸುತ್ತಿನಲ್ಲಿ ಮಾತ್ರ ಭಾಷೆ.

ಎರಡನೆಯದಾಗಿ, ಪ್ರತಿ ವಾಕ್ಯದ ಎದುರಿಗೂ ಅಂಚಿನಲ್ಲಿ ಒಂದು ಗುರುತು ಹಾಕಿರಿ: ಇದು ಕಂಡದ್ದು, ಇದು ಇತರರು ಹೇಳಿದ್ದು, ಇದು ನನ್ನ ಊಹೆ. ನನ್ನ ಮೂವತ್ತೊಂದು ಪುಟಗಳಿಗೆ ಹೀಗೆ ಗುರುತು ಹಾಕಿದಾಗ ಕಂಡದ್ದು ಒಂಬತ್ತು ಪುಟಕ್ಕೆ ಇಳಿಯಿತು. ಹೂಳು ತೆಗೆಯುತ್ತಿದ್ದರು ಎಂಬ ವಾಕ್ಯ ‘ಹೂಳು ತೆಗೆಯಲೆಂದು ಭೂಮಿ ಬಿಟ್ಟರು’ ಎಂದಾಯಿತು. ಒಂದು ‘ಎಂದು’ ಸೇರಿತು, ಅಷ್ಟೆ. ಆದರೆ ಮೊದಲನೆಯ ವಾಕ್ಯ ನನ್ನ ಆಸೆ, ಎರಡನೆಯದು ಕಲ್ಲಿನ ಮಾತು.

ಮೂರನೆಯದಾಗಿ, ಅಂಕಿಗಳನ್ನೂ ಹೆಸರುಗಳನ್ನೂ ಉದ್ಧರಣೆಗಳನ್ನೂ ಮೂಲಕ್ಕೆ ಹೋಗಿ ಮತ್ತೆ ನೋಡಿರಿ. ಹಿಂದಿನ ಕರಡಿನಿಂದ ಮುಂದಿನ ಕರಡಿಗೆ ನಕಲು ಮಾಡುವಾಗ ತಪ್ಪು ಬೇರೂರುತ್ತದೆ. ನಾಲ್ಕನೆಯದಾಗಿ, ಪ್ರಬಂಧವನ್ನು ಗಟ್ಟಿಯಾಗಿ ಓದಿರಿ, ಸಾಧ್ಯವಾದರೆ ನಿಮ್ಮ ಶಾಸ್ತ್ರವನ್ನು ಅರಿಯದ ಒಬ್ಬರ ಮುಂದೆ. ನನ್ನ ಹೆಂಡತಿ ಬ್ಯಾಂಕಿನ ನೌಕರಳು. ‘ಈ ಪುಟದಲ್ಲಿ ಯಾರು ಯಾರಿಗೆ ಕೊಟ್ಟರು?’ ಎಂದು ಅವಳು ಕೇಳಿದ ಪ್ರಶ್ನೆಯಿಂದ ಒಂದು ಪುಟವೇ ಬದಲಾಯಿತು. ಐದನೆಯದಾಗಿ, ಪರಿಶೀಲಕರ ಪ್ರತಿಯೊಂದು ಆಕ್ಷೇಪಕ್ಕೂ ಕ್ರಮಸಂಖ್ಯೆ ಕೊಟ್ಟು ಉತ್ತರ ಬರೆಯಿರಿ. ಒಪ್ಪಿದ್ದನ್ನು ಎಲ್ಲಿ ತಿದ್ದಿದ್ದೀರಿ ಎಂದು ತೋರಿಸಿರಿ. ಒಪ್ಪದಿದ್ದರೆ ಕಾರಣ ಕೊಡಿರಿ. ಎಲ್ಲವನ್ನೂ ಒಪ್ಪಬೇಕೆಂದು ಯಾರೂ ಹೇಳಿಲ್ಲ, ಪರಿಶೀಲಕರೂ ತಪ್ಪುತ್ತಾರೆ. ಆದರೆ ಅವರಿಗೆ ತಪ್ಪು ತಿಳಿವಳಿಕೆಯಾಗಿದ್ದರೆ ಅದಕ್ಕೆ ಎಡೆಮಾಡಿದ ವಾಕ್ಯ ನಿಮ್ಮಲ್ಲಿಯೇ ಎಲ್ಲೋ ಇರುತ್ತದೆ.

ಇಂದು ಕಂಪ್ಯೂಟರು ವಾಕ್ಯಗಳನ್ನು ಕ್ಷಣಮಾತ್ರದಲ್ಲಿ ನಯಗೊಳಿಸಿ ಕೊಡುತ್ತದೆ. ಉಪಯೋಗಿಸಿಕೊಳ್ಳಿರಿ, ಬೇಡವೆನ್ನಲಾರೆ. ಆದರೆ ನಯವಾದ ವಾಕ್ಯಕ್ಕೆ ಒಂದು ಅಪಾಯವಿದೆ: ಅದು ನಿಜವೆಂಬಂತೆ ಕೇಳಿಸುತ್ತದೆ. ಸವೆದ ಕಲ್ಲಿನಲ್ಲಿ ನಾಲ್ಕು ಅಕ್ಷರಗಳು ಇದ್ದುವೋ ಇಲ್ಲವೋ ಎಂಬುದನ್ನು ಕಲ್ಲಿನ ಮುಂದೆ ಕುಳಿತವನೇ ಹೇಳಬೇಕು.

ಹೊರನಾಡಿನ ಕನ್ನಡಿಗರಾದ ನಮಗೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು ಎಂದು ನನಗನ್ನಿಸುತ್ತದೆ. ನಾಡಿನಿಂದ ದೂರವಿರುವವರಿಗೆ ನಾಡಿನ ಹಿರಿಮೆ ದೊಡ್ಡದಾಗಿ ಕಾಣುತ್ತದೆ. ಪಕ್ಕದ ಭಾಷೆಯವರ ಎದುರಿಗೆ ‘ನಮ್ಮದೇ ಮೊದಲು’ ಎನ್ನುವ ಆಸೆಯಾಗುತ್ತದೆ. ಒಂದು ಉದಾಹರಣೆ ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಮೇಲೆ, ಸುಮಾರು ಕ್ರಿ.ಶ. 450ರ ಅದೇ ಕನ್ನಡದ ಮೊದಲ ಶಾಸನ ಎಂದು ನಾವೆಲ್ಲ ಓದಿದೆವು. ಈಚೆಗೆ ತಾಳಗುಂದದಲ್ಲಿ ದೊರೆತ ಶಾಸನವೊಂದು ಅದಕ್ಕೂ ಹಿಂದಿನದೆಂಬ ವಾದ ಬಂದಿದೆ. ‘ಕನ್ನಡದ ಮೊದಲ ಶಾಸನ’ ಎಂದು ಬರೆದವರು ಈಗ ಪುಸ್ತಕವನ್ನು ತಿದ್ದಬೇಕು. ‘ಈವರೆಗೆ ದೊರೆತವುಗಳಲ್ಲಿ’ ಎಂಬ ಎರಡು ಪದಗಳನ್ನು ಸೇರಿಸಿ ಬರೆದವರ ವಾಕ್ಯ, ಬರೆದ ಕಾಲದ ಮಟ್ಟಿಗೆ, ಇಂದಿಗೂ ಸುಳ್ಳಾಗಿಲ್ಲ. ನಮ್ಮ ಸಂಘದ ಸಂಗ್ರಹದಲ್ಲಿ ಬರುವ ಪ್ರಬಂಧಗಳೂ ಹೀಗಿರಲಿ. ‘ಈ ನಗರವನ್ನು ಕಟ್ಟಿದವರೇ ನಾವು’ ಎಂಬ ಪ್ರಬಂಧವನ್ನು ನಾವು ಮಾತ್ರ ಓದಿ ಚಪ್ಪಾಳೆ ತಟ್ಟುತ್ತೇವೆ. ಇಂಥ ಬೀದಿಯಲ್ಲಿ, ಇಂಥ ವರ್ಷ, ಇಷ್ಟು ಮನೆಯವರು, ಇಂಥ ಕಸುಬು ಮಾಡುತ್ತಿದ್ದರು ಎಂದು ದಾಖಲೆಯೊಡನೆ ಬರೆದರೆ ತಮಿಳು ವಿದ್ವಾಂಸನೂ ಅದನ್ನು ಎತ್ತಿ ಹೇಳುತ್ತಾನೆ. ತಿದ್ದಿದ ಸಣ್ಣ ಮಾತಿಗೆ ತಿದ್ದದ ದೊಡ್ಡ ಮಾತಿಗಿಂತ ಆಯುಸ್ಸು ಹೆಚ್ಚು.

ನನ್ನ ಪ್ರಬಂಧವನ್ನು ನಾಲ್ಕು ಬಾರಿ ತಿದ್ದಿ ಬರೆದೆ. ‘ಕರ್ನಾಟಕ’ ಶೀರ್ಷಿಕೆಯಿಂದ ಹೋಯಿತು, ‘ಒಂದು ತಾಲ್ಲೂಕಿನ ಹನ್ನೊಂದು ಶಾಸನಗಳು’ ಎಂಬುದು ಬಂತು. ಹೊಸ ಪತ್ರಿಕೆಯ ಪರಿಶೀಲಕರು ಇನ್ನೊಂದು ಪ್ರಶ್ನೆ ಕೇಳಿದರು. ಈ ಬಾರಿ ನಾನು ಉತ್ತರ ಬರೆದೆ. 2022ರಲ್ಲಿ ಹನ್ನೊಂದು ಪುಟಗಳಾಗಿ ಅಚ್ಚಾಯಿತು. ಹೆಚ್ಚು ಜನ ಓದಿರಲಾರರು.

ಒಂದು ಪ್ರತಿಯನ್ನು ತೆಗೆದುಕೊಂಡು ಊರಿಗೆ ಹೋಗಿ ಮೇಷ್ಟ್ರ ಮಗಳ ಕೈಗೆ ಕೊಟ್ಟೆ. ಆಕೆ ಪುಟಗಳನ್ನು ತಿರುವಿ, ‘ಇದರಲ್ಲಿ ಅಪ್ಪನ ಹೆಸರು ಎಲ್ಲಿದೆ ಅಣ್ಣಾ?’ ಎಂದು ಕೇಳಿದರು. ಏಳನೆಯ ಪುಟದ ಅಡಿಟಿಪ್ಪಣಿಯನ್ನು ತೋರಿಸಿದೆ. ನಾಲ್ಕನೆಯ ಶಾಸನದ ಆ ಸಾಲಿನ ಓದು ಅವರದೆಂದೂ, ಕಂಸದೊಳಗಿನ ನಾಲ್ಕು ಅಕ್ಷರಗಳು ಊಹೆಯೆಂದು ಮೊದಲು ಗುರುತಿಸಿದವರೂ ಅವರೇ ಎಂದೂ ಅಲ್ಲಿ ಬರೆದಿದ್ದೆ. ಆಕೆ ಅದನ್ನು ಎರಡು ಸಲ ಓದಿದರು. ಆಮೇಲೆ, ‘ಇಷ್ಟು ಚಿಕ್ಕ ಅಕ್ಷರದಲ್ಲಿ ಹಾಕಿದ್ದಾರಲ್ಲ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬದುಕಿದ್ದಾಗಲೇ ತಿದ್ದಿ ಕಳುಹಿಸಿದ್ದರೆ ಆ ಹೆಸರು ಶೀರ್ಷಿಕೆಯ ಕೆಳಗೆ ನನ್ನ ಹೆಸರಿನ ಪಕ್ಕದಲ್ಲಿಯೇ ಇರುತ್ತಿತ್ತು.

ತರುಣ ಮಿತ್ರರೇ, ನಿಮ್ಮ ಪ್ರಬಂಧಗಳೂ ಹಿಂತಿರುಗಿ ಬರುತ್ತವೆ. ಬಂದ ದಿನ ಓದಿ ಮಡಿಸಿಡಿ, ಕೋಪ ಇಳಿಯಲಿ. ಒಂದು ವಾರದ ಮೇಲೆ ತೆಗೆದು ಕುಳಿತುಕೊಳ್ಳಿ. ಟ್ರಂಕಿನ ತಳಕ್ಕೆ ಮಾತ್ರ ಹಾಕಬೇಡಿ, ನಿಮ್ಮ ಪ್ರಬಂಧಕ್ಕಾಗಿ ಕಾಯುತ್ತಿರುವವರು ಯಾರೋ ಇರುತ್ತಾರೆ.